ಔಷಧಿ ಪರೀಕ್ಷಣೆ ಮತ್ತು ದಂಪತಿಗಳ ಸಮ್ಮತಿ

ಹುಬ್ಬಳ್ಳಿಯ ದೇಶಪಾಂಡೆ ನಗರ, ವಿದ್ಯಾನಗರ ಮೊದಲಾದ ಬಡಾವಣೆಗಳ ಆಸ್ಪತ್ರೆಗಳಿಗೆ ಕಲಘಟಗಿ, ಕುಂದಗೋಳ, ನವಲಗುಂದ ತಾಲ್ಲೂಕುಗಳ ಹಳ್ಳಿಗಳಿಂದ ಪ್ರತಿದಿನವೂ ರೋಗಿಗಳು ಬರುತ್ತಾರೆ. ಹೆರಿಗೆಗೆ ಬಂದ ಗರ್ಭಿಣಿ, ಸಕ್ಕರೆ ರೋಗಕ್ಕೆ ಮಾತ್ರೆ ನುಂಗುವ ಹಿರಿಯರು, ಕೆಮ್ಮು ನಿಲ್ಲದ ಯುವಕ, ಹೀಗೆ ಒಬ್ಬೊಬ್ಬರದು ಒಂದೊಂದು ಕಾರಣ. ಇವರಲ್ಲಿ ಕೆಲವರಿಗೆ ವೈದ್ಯರು ಒಂದು ಕಾಗದವನ್ನು ತೋರಿಸಿ, "ಒಂದು ಅಧ್ಯಯನ ನಡೆಯುತ್ತಿದೆ. ನಿಮಗೆ ಒಪ್ಪಿಗೆಯಿದ್ದರೆ ನೀವೂ ಸೇರಬಹುದು" ಎಂದು ಹೇಳುವುದುಂಟು. ಆಗ ಗಂಡ ಹೆಂಡತಿಯ ಮುಖ ನೋಡುತ್ತಾನೆ, ಹೆಂಡತಿ ಗಂಡನ ಮುಖ ನೋಡುತ್ತಾಳೆ. ಕೆಲವರು ಹೆದರಿ ಎದ್ದು ಹೋಗುತ್ತಾರೆ. ಇನ್ನು ಕೆಲವರು ಏನನ್ನೂ ಕೇಳದೆ ಹೆಬ್ಬೆಟ್ಟು ಒತ್ತುತ್ತಾರೆ. ಇವೆರಡೂ ಸರಿಯಾದ ಮಾರ್ಗಗಳಲ್ಲ. ತಿಳಿದು ಒಪ್ಪುವುದು, ಇಲ್ಲವೆ ತಿಳಿದು ಬೇಡವೆನ್ನುವುದು ಸರಿಯಾದ ಮಾರ್ಗ. ಇದಕ್ಕೆ ಬೇಕಾದ ತಿಳಿವಳಿಕೆಯನ್ನು ನೀಡುವುದೇ ಈ ಪಾಠದ ಉದ್ದೇಶ.

ಪರೀಕ್ಷಣೆ ಏಕೆ ಬೇಕು?

ಧಾರವಾಡದ ಸೀಮೆಯ ರೈತನಿಗೆ ಪರೀಕ್ಷಣೆ ಹೊಸ ಮಾತಲ್ಲ. 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಿಂದ ವರಲಕ್ಷ್ಮಿ ಎಂಬ ಮಿಶ್ರತಳಿ ಹತ್ತಿ ಬೆಳಕಿಗೆ ಬಂದಿತು. ಹೊಸ ಬೀಜ ಬಂದಿದೆಯೆಂದು ಕೇಳಿದ ಕೂಡಲೇ ಜಾಣ ರೈತ ಇಡೀ ಹೊಲಕ್ಕೆ ಅದನ್ನು ಬಿತ್ತುವುದಿಲ್ಲ. ಒಂದೇ ಎರೆಭೂಮಿಯಲ್ಲಿ, ಒಂದೇ ಮಳೆಗೆ, ಒಂದು ಪಟ್ಟಿಗೆ ಹಳೆಯ ಬೀಜವನ್ನೂ ಪಕ್ಕದ ಪಟ್ಟಿಗೆ ಹೊಸ ಬೀಜವನ್ನೂ ಬಿತ್ತಿ, ಸುಗ್ಗಿಯಲ್ಲಿ ಎರಡನ್ನೂ ತೂಗಿ ನೋಡುತ್ತಾನೆ. ಹೊಸ ಬೀಜವನ್ನು ಫಲವತ್ತಾದ ತಗ್ಗಿನ ಹೊಲದಲ್ಲಿಯೂ ಹಳೆಯದನ್ನು ಕಲ್ಲು ದಿನ್ನೆಯಲ್ಲಿಯೂ ಬಿತ್ತಿ ಹೋಲಿಸಿದರೆ ಆ ಲೆಕ್ಕಕ್ಕೆ ಬೆಲೆಯಿಲ್ಲ.

ಔಷಧಿಯ ವಿಷಯವೂ ಹೀಗೆಯೇ. ಒಬ್ಬನಿಗೆ ಒಂದು ಮಾತ್ರೆ ಕೊಟ್ಟೆವು, ಅವನು ಗುಣವಾದನು. ಇಷ್ಟರಿಂದಲೇ ಗುಣ ಮಾತ್ರೆಯಿಂದಾಯಿತು ಎನ್ನಲಾಗದು. ಎಷ್ಟೋ ಜ್ವರಗಳು ತಾವಾಗಿಯೇ ಇಳಿಯುತ್ತವೆ. ಆದುದರಿಂದ ಒಂದೇ ಬಗೆಯ ಎರಡು ಗುಂಪುಗಳನ್ನು ಮಾಡಿ, ಒಂದಕ್ಕೆ ಹೊಸ ಔಷಧಿಯನ್ನೂ ಇನ್ನೊಂದಕ್ಕೆ ಈವರೆಗಿನ ಚಿಕಿತ್ಸೆಯನ್ನೂ ಕೊಟ್ಟು ಫಲವನ್ನು ತೂಗಿ ನೋಡಬೇಕಾಗುತ್ತದೆ. ಹೊಲಕ್ಕೂ ಮನುಷ್ಯನಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಹೊಲವನ್ನು ಯಾರೂ ಒಪ್ಪಿಗೆ ಕೇಳುವುದಿಲ್ಲ. ಮನುಷ್ಯನನ್ನು ಕೇಳಲೇಬೇಕು.

ಪರೀಕ್ಷಣೆ ನಡೆಯುವ ಕ್ರಮ

ಹೊಸ ಔಷಧಿಯನ್ನು ಮೊದಲು ಪ್ರಯೋಗಶಾಲೆಯಲ್ಲಿಯೂ ಪ್ರಾಣಿಗಳ ಮೇಲೂ ನೋಡಲಾಗುತ್ತದೆ. ಅನಂತರ ಮನುಷ್ಯರ ಸರದಿ. ಮೊದಲ ಹಂತದಲ್ಲಿ ಕೆಲವೇ ಜನರಿಗೆ ಕೊಟ್ಟು ಅಪಾಯವಿದೆಯೇ ಎಂದು ನೋಡುವರು. ಎರಡನೆಯ ಹಂತದಲ್ಲಿ ಹೆಚ್ಚು ಜನರಿಗೆ ಕೊಟ್ಟು ಪ್ರಮಾಣವನ್ನೂ ಗುಣವನ್ನೂ ಅರಿಯುವರು. ಮೂರನೆಯ ಹಂತದಲ್ಲಿ ನೂರಾರು ಅಥವಾ ಸಾವಿರಾರು ಜನರಲ್ಲಿ ಹೋಲಿಸಿ ನೋಡುವರು. ಔಷಧಿ ಮಾರುಕಟ್ಟೆಗೆ ಬಂದ ಮೇಲೂ ಅದರ ಮೇಲೆ ಕಣ್ಣಿಡುವುದು ನಾಲ್ಕನೆಯ ಹಂತ. 2020ರಲ್ಲಿ ಕೊರೋನಾ ಬೇನೆಗಾಗಿ ಸಿದ್ಧವಾದ ಕೋವ್ಯಾಕ್ಸಿನ್ ಲಸಿಕೆಯ ಮೊದಲ ಹಂತದಲ್ಲಿ 375 ಮಂದಿ ಸ್ವಯಂಸೇವಕರಿದ್ದರು. ದೇಶದ 11 ಆಸ್ಪತ್ರೆಗಳಲ್ಲಿ ಅದು ನಡೆಯಿತು. ಅವುಗಳಲ್ಲಿ ಬೆಳಗಾವಿಯ ಆಸ್ಪತ್ರೆಯೂ ಒಂದು. ಮೂರನೆಯ ಹಂತದಲ್ಲಿ ಪಾಲ್ಗೊಂಡವರು 25,798 ಮಂದಿ.

ಯಾರಿಗೆ ಯಾವ ಔಷಧಿ ಎಂಬುದನ್ನು ವೈದ್ಯರು ತಮ್ಮ ಮನಸ್ಸಿಗೆ ಬಂದಂತೆ ಆರಿಸುವುದಿಲ್ಲ. ಚೀಟಿ ಎತ್ತಿದ ಹಾಗೆ ಅದು ನಿರ್ಧಾರವಾಗುತ್ತದೆ. ಹೀಗೆ ಮಾಡದಿದ್ದರೆ ಬಲವಾಗಿರುವವರೆಲ್ಲ ಒಂದು ಗುಂಪಿಗೂ ಬಳಲಿದವರೆಲ್ಲ ಇನ್ನೊಂದು ಗುಂಪಿಗೂ ಸೇರಿ ಲೆಕ್ಕ ಕೆಡಬಹುದು. ಕೆಲವು ಪರೀಕ್ಷಣೆಗಳಲ್ಲಿ ಒಂದು ಗುಂಪಿಗೆ ಔಷಧಿಯಿಲ್ಲದ, ನೋಡಲು ಮಾತ್ರ ಔಷಧಿಯಂತಿರುವ ಹುಸಿ ಮಾತ್ರೆಯನ್ನು ಕೊಡುವುದುಂಟು. ಯಾರಿಗೆ ಯಾವುದು ಬಂತೆಂಬುದು ಹಲವು ವೇಳೆ ರೋಗಿಗೂ ವೈದ್ಯರಿಗೂ ತಿಳಿದಿರುವುದಿಲ್ಲ. ಇದು ವಂಚನೆಯಲ್ಲ, ಏಕೆಂದರೆ ಹುಸಿ ಮಾತ್ರೆ ಬರಬಹುದೆಂಬ ಸಂಗತಿಯನ್ನು ಮೊದಲೇ ಹೇಳಿ ಒಪ್ಪಿಗೆ ಪಡೆದಿರಬೇಕು. ಆದರೆ ಗುಣವೆಂದು ಸಿದ್ಧವಾದ, ಪ್ರಾಣಕ್ಕೆ ಅಗತ್ಯವಾದ ಚಿಕಿತ್ಸೆಯನ್ನು ತಡೆಹಿಡಿದು ಹುಸಿ ಮಾತ್ರೆ ಕೊಡುವುದು ನೀತಿಗೆ ಸಲ್ಲದು.

ಬೆಳಗಾವಿ ಜಿಲ್ಲೆಯ ನಿದರ್ಶನ

ಧಾರವಾಡಕ್ಕೆ ನೆರೆಯ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿಯೇ ನಡೆದ ಒಂದು ಪರೀಕ್ಷಣೆಯನ್ನು ಪ್ರತಿಯೊಬ್ಬ ದಂಪತಿಯೂ ತಿಳಿದಿರತಕ್ಕದ್ದು. ಹೆರಿಗೆಯಾದ ಮೇಲೆ ಗರ್ಭಕೋಶವು ಮುಷ್ಟಿಯಂತೆ ಬಿಗಿದು ಕುಗ್ಗಬೇಕು. ಹಾಗೆ ಕುಗ್ಗಿದಾಗ ಮಾಸು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳ ಬಾಯಿ ಮುಚ್ಚಿಕೊಳ್ಳುತ್ತದೆ. ಗರ್ಭಕೋಶ ಸಡಿಲವಾಗಿಯೇ ಉಳಿದರೆ ರಕ್ತ ಹರಿಯುತ್ತಲೇ ಇರುತ್ತದೆ. ಮೊದಲೇ ರಕ್ತಹೀನತೆಯಿಂದ ಬಳಲುವ ತಾಯಿಗೆ ಇದು ಕೆಲವೇ ಗಂಟೆಗಳಲ್ಲಿ ಪ್ರಾಣಾಂತಿಕವಾಗಬಹುದು. ಇದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದು ಆಸ್ಪತ್ರೆಗಳಲ್ಲಿತ್ತು. ಆದರೆ ಅದನ್ನು ತಂಪಿನಲ್ಲಿಡಬೇಕು, ಸೂಜಿಯಿಂದ ಕೊಡಬೇಕು. ಆ ಕಾಲದಲ್ಲಿ ಹಳ್ಳಿಗಳಲ್ಲಿ ಅನೇಕ ಹೆರಿಗೆಗಳು ಮನೆಯಲ್ಲಿಯೇ ಆಗುತ್ತಿದ್ದವು. ಅಲ್ಲಿ ಈ ಔಷಧಿಯನ್ನು ಕೊಡುವ ವಾಡಿಕೆ ಇರಲಿಲ್ಲ.

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ತಜ್ಞರೊಂದಿಗೆ ಸೇರಿ ಒಂದು ಪ್ರಶ್ನೆಯನ್ನು ಮುಂದಿಟ್ಟರು. ತಂಪಿನಲ್ಲಿಡಬೇಕಾಗಿಲ್ಲದ, ಬಾಯಿಯಿಂದ ನುಂಗುವ ಮಿಸೋಪ್ರೊಸ್ಟಾಲ್ ಮಾತ್ರೆಯನ್ನು ಹಳ್ಳಿಯ ಕಿರಿಯ ಆರೋಗ್ಯ ಸಹಾಯಕಿ ಕೊಟ್ಟರೆ ಈ ರಕ್ತಸ್ರಾವ ಕಡಿಮೆಯಾದೀತೇ? 2002ರಿಂದ 2005ರವರೆಗೆ 1,620 ಮಂದಿ ತಾಯಂದಿರು ಇದರಲ್ಲಿ ಪಾಲ್ಗೊಂಡರು. ಮಗು ಹುಟ್ಟಿ ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ಸುಮಾರು ಅರ್ಧದಷ್ಟು ತಾಯಂದಿರಿಗೆ 600 ಮೈಕ್ರೋಗ್ರಾಂ ಔಷಧಿಯನ್ನೂ ಉಳಿದವರಿಗೆ ಹುಸಿ ಮಾತ್ರೆಯನ್ನೂ ಕೊಡಲಾಯಿತು. ರಕ್ತವನ್ನು ಕಣ್ಣಂದಾಜಿನಿಂದ ಅಳೆಯಲಿಲ್ಲ. ತಾಯಿಯ ಕೆಳಗೆ ಗುರುತು ಹಾಕಿದ ಚೀಲವುಳ್ಳ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ಹಾಲಿನ ಅಳತೆ ನೋಡಿದ ಹಾಗೆ ನೋಡಿದರು.

ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅರ್ಧ ಲೀಟರು ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದವರು ಹುಸಿ ಮಾತ್ರೆಯ ಗುಂಪಿನಲ್ಲಿ ನೂರಕ್ಕೆ 12 ಮಂದಿ; ಔಷಧಿಯ ಗುಂಪಿನಲ್ಲಿ ನೂರಕ್ಕೆ 6.4. ಒಂದು ಲೀಟರು ಅಥವಾ ಅದನ್ನು ಮೀರಿ ರಕ್ತ ಹೋದವರು ನೂರಕ್ಕೆ 1.2ರಿಂದ 0.2ಕ್ಕೆ ಇಳಿದರು. ಪ್ರತಿ 18 ಮಂದಿಗೆ ಮಾತ್ರೆ ಕೊಟ್ಟರೆ ಒಬ್ಬ ತಾಯಿಯ ಅತಿ ರಕ್ತಸ್ರಾವವನ್ನು ತಡೆದಂತಾಯಿತು. ಮಾತ್ರೆ ನುಂಗಿದವರಲ್ಲಿ ಚಳಿ ನಡುಕ ಮತ್ತು ಜ್ವರ ಹೆಚ್ಚಾಗಿ ಕಂಡವು. ಅವು ಸ್ವಲ್ಪ ಕಾಲದಲ್ಲಿ ಇಳಿದವು. ಈ ದೋಷವನ್ನೂ ಬಚ್ಚಿಡದೆ ಬರೆದರು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಆಕ್ಸಿಟೋಸಿನ್ ದೊರೆಯದ ಕಡೆ ರಕ್ತಸ್ರಾವ ತಡೆಯಲೆಂದು ಈ ಮಾತ್ರೆಯನ್ನು ಅತ್ಯಾವಶ್ಯಕ ಔಷಧಿಗಳ ಪಟ್ಟಿಯಲ್ಲಿ ಸೇರಿಸಿತು. ಬೆಳಗಾವಿ ಸೀಮೆಯ ತಾಯಂದಿರ ಸಹಕಾರದಿಂದ ದೂರದ ದೇಶಗಳ ಬಾಣಂತಿಯರಿಗೂ ಉಪಕಾರವಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಈ ಮಾತ್ರೆಯನ್ನು ಯಾರೂ ಅಂಗಡಿಯಿಂದ ತಂದು ಸ್ವತಃ ನುಂಗಬಾರದು. ಮಗು ಹುಟ್ಟುವ ಮೊದಲು ನುಂಗಿದರೆ ಗರ್ಭಕೋಶ ಒಡೆಯುವ ಅಪಾಯವೂ ಉಂಟು. ಇಂದು ಹೆರಿಗೆಯು ಆಸ್ಪತ್ರೆಯಲ್ಲಿಯೇ ಆಗಬೇಕು. ಅಲ್ಲಿ ಆಕ್ಸಿಟೋಸಿನ್ ಚುಚ್ಚುಮದ್ದೇ ಮೊದಲ ಆಯ್ಕೆ.

ಒಳ್ಳೆಯದೆಂದು ತೋರಿದ್ದನ್ನೂ ತೂಗಿ ನೋಡಬೇಕು

ದಿನ ತುಂಬುವ ಮೊದಲೇ ಹುಟ್ಟುವ ಶಿಶುವಿನ ಶ್ವಾಸಕೋಶ ಬಲಿತಿರುವುದಿಲ್ಲ. ತಾಯಿಗೆ ಹೆರಿಗೆಯ ಮುಂಚೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟರೆ ಶಿಶುವಿನ ಶ್ವಾಸಕೋಶ ಬೇಗ ಬಲಿಯುತ್ತದೆಂದು ದೊಡ್ಡ ಆಸ್ಪತ್ರೆಗಳಲ್ಲಿ ತಿಳಿದಿತ್ತು. ಹಾಗಾದರೆ ಇದನ್ನು ಹಳ್ಳಿಹಳ್ಳಿಗೂ ಹರಡಿದರೆ ಒಳ್ಳೆಯದಲ್ಲವೇ ಎಂದು ಎಲ್ಲರಿಗೂ ತೋಚಿತು. ಭಾರತವೂ ಸೇರಿದಂತೆ ಆರು ದೇಶಗಳಲ್ಲಿ ಇದನ್ನು ಪರೀಕ್ಷಿಸಿದರು. ಬೆಳಗಾವಿ ಮತ್ತು ನಾಗಪುರ ನಮ್ಮ ದೇಶದ ಕೇಂದ್ರಗಳಾಗಿದ್ದವು.

2015ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. ಚುಚ್ಚುಮದ್ದನ್ನು ಹರಡಿದ ಪ್ರದೇಶಗಳಲ್ಲಿ ನವಜಾತ ಶಿಶುಗಳ ಮರಣ ಕಡಿಮೆಯಾಗಲಿಲ್ಲ. ಸಾವಿರ ಜನನಗಳಿಗೆ 23.9 ಇರಬೇಕಾದಲ್ಲಿ 27.4 ಆಯಿತು. ತಾಯಂದಿರಲ್ಲಿ ಸೋಂಕೂ ಹೆಚ್ಚಾಗಿ ಕಂಡಿತು. ಹಳ್ಳಿಗಳಲ್ಲಿ ಗರ್ಭದ ದಿನಗಳನ್ನು ನಿಖರವಾಗಿ ಗೊತ್ತು ಮಾಡುವುದು ಕಷ್ಟ. ಚುಚ್ಚುಮದ್ದು ಪಡೆದ ತಾಯಂದಿರಲ್ಲಿ ಹಲವರಿಗೆ ಅವಧಿಗೆ ಮುಂಚೆ ಹೆರಿಗೆಯಾಗಲೇ ಇಲ್ಲ. ಪರೀಕ್ಷಿಸದೆ ಇದನ್ನು ಎಲ್ಲ ಹಳ್ಳಿಗಳಿಗೂ ಹರಡಿದ್ದರೆ ಏನಾಗುತ್ತಿತ್ತೆಂಬುದನ್ನು ವಾಚಕರೇ ಊಹಿಸಬಹುದು.

ಸಂಶೋಧಕರು ಅಲ್ಲಿಗೆ ಕೈ ಚೆಲ್ಲಲಿಲ್ಲ. ಯಾವ ತಾಯಿಗೆ, ಎಲ್ಲಿ, ಯಾವಾಗ ಎಂಬ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡರು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಕೀನ್ಯಾ, ನೈಜೀರಿಯಾಗಳ 29 ಆಸ್ಪತ್ರೆಗಳಲ್ಲಿ 2,852 ಮಂದಿ ತಾಯಂದಿರು ಪಾಲ್ಗೊಂಡರು, ಬೆಳಗಾವಿಯೂ ಇದರಲ್ಲಿತ್ತು. ಈ ಬಾರಿ ಗರ್ಭದ ವಯಸ್ಸನ್ನು ಸ್ಕ್ಯಾನಿಂಗಿನಿಂದ ಗೊತ್ತು ಮಾಡಿ, ತಾಯಿಗೂ ಶಿಶುವಿಗೂ ಆರೈಕೆಯ ವ್ಯವಸ್ಥೆಯುಳ್ಳ ಆಸ್ಪತ್ರೆಯಲ್ಲಿ ಮಾತ್ರ ಡೆಕ್ಸಾಮೆಥಾಸೋನ್ ಚುಚ್ಚುಮದ್ದು ಕೊಟ್ಟರು. 2020ರ ಫಲಿತಾಂಶದಂತೆ ಶಿಶುಮರಣ ನೂರಕ್ಕೆ 23.5ರಿಂದ 19.6ಕ್ಕೆ ಇಳಿಯಿತು. ಲಾಭ ಸ್ಪಷ್ಟವಾದುದರಿಂದ ಪರೀಕ್ಷಣೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಲಾಯಿತು. ಒಂದೇ ಜಾತಿಯ ಔಷಧಿ ಒಂದು ಕಡೆ ಹಾನಿಯ ಶಂಕೆಯನ್ನು ತಂದಿತು, ಇನ್ನೊಂದು ಕಡೆ ಶಿಶುಗಳನ್ನು ಉಳಿಸಿತು. ಗರ್ಭಿಣಿಯು ಮೊದಲ ತಿಂಗಳುಗಳಲ್ಲಿಯೇ ಹೆಸರು ನೋಂದಾಯಿಸಿ ದಿನಗಳನ್ನು ಗೊತ್ತು ಮಾಡಿಸಿಕೊಳ್ಳಬೇಕೆಂದು ಆಶಾ ಕಾರ್ಯಕರ್ತೆ ಒತ್ತಾಯಿಸುವುದು ಏಕೆಂದು ಇದರಿಂದಲೂ ತಿಳಿಯಬಹುದು.

ಇತರ ವಿಭಾಗಗಳಲ್ಲಿ

ಪರೀಕ್ಷಣೆಗಳು ಹೆರಿಗೆಗೆ ಮಾತ್ರ ಸೀಮಿತವಲ್ಲ. ಕ್ಷಯರೋಗಿಯನ್ನು ಊರಾಚೆಯ ಆರೋಗ್ಯಧಾಮದಲ್ಲಿ ತಿಂಗಳುಗಟ್ಟಲೆ ಇಡಬೇಕೆಂಬ ನಂಬಿಕೆ ಒಂದು ಕಾಲದಲ್ಲಿ ಬಲವಾಗಿತ್ತು. 1956ರಲ್ಲಿ ಮದರಾಸಿನಲ್ಲಿ 193 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮನೆಯಲ್ಲಿ, ಇನ್ನೊಂದಕ್ಕೆ ಆರೋಗ್ಯಧಾಮದಲ್ಲಿ ಒಂದೇ ಔಷಧಿಯನ್ನು ಒಂದು ವರ್ಷ ಕೊಡುವ ಪರೀಕ್ಷಣೆ ಆರಂಭವಾಯಿತು. ಮನೆಯಲ್ಲಿದ್ದವರೂ ಹೆಚ್ಚು ಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. ಅವರ ಮನೆಯವರಿಗೆ ರೋಗ ಹೆಚ್ಚಾಗಿ ತಗುಲಲಿಲ್ಲ. ಇಂದು ಕ್ಷಯರೋಗಿ ಹೆಂಡತಿ ಮಕ್ಕಳೊಂದಿಗೆ ಇದ್ದು ಮಾತ್ರೆ ನುಂಗಿ ಗುಣವಾಗುತ್ತಾನೆಂದರೆ ಅದಕ್ಕೆ ಆ ಪರೀಕ್ಷಣೆ ಒಂದು ಮುಖ್ಯ ಆಧಾರ.

ಮೊದಲ ಬಸಿರಿನ ತಾಯಂದಿರಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಟ್ಟು ಅವಧಿಪೂರ್ವ ಹೆರಿಗೆಯನ್ನು ತಡೆಯಬಹುದೇ ಎಂಬ ಪರೀಕ್ಷಣೆಯಲ್ಲಿಯೂ ಬೆಳಗಾವಿ ಸೇರಿತ್ತು. ಆರು ದೇಶಗಳ 11,976 ತಾಯಂದಿರಲ್ಲಿ ಇಂತಹ ಹೆರಿಗೆ ನೂರಕ್ಕೆ 13.1ರಿಂದ 11.6ಕ್ಕೆ ಇಳಿದುದು 2020ರಲ್ಲಿ ಪ್ರಕಟವಾಯಿತು. ಕುಟುಂಬ ಯೋಜನೆಯಲ್ಲಿ ಪುರುಷನ ಹೊಣೆಯನ್ನು ಕುರಿತೂ ಸಂಶೋಧನೆ ನಡೆದಿದೆ. ವೀರ್ಯನಾಳಕ್ಕೆ ಕೊಡುವ ಗರ್ಭನಿರೋಧಕ ಚುಚ್ಚುಮದ್ದೊಂದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ 303 ಮಂದಿ ವಿವಾಹಿತ ಪುರುಷರ ಮೇಲೆ ಪರೀಕ್ಷಿಸಿ, 2023ರಲ್ಲಿ ವರದಿಯನ್ನು ಪ್ರಕಟಿಸಲಾಯಿತು.

ಸಮ್ಮತಿ ಯಾರದು?

ಈ ಪಾಠದ ಮುಖ್ಯಾಂಶ ಇದೇ ಆಗಿದೆ. ಪರೀಕ್ಷಣೆಗೆ ಒಳಗಾಗುವ ದೇಹ ಯಾರದೋ ಸಮ್ಮತಿಯೂ ಅವರದೇ. ಹೆಂಡತಿಯ ಬದಲಾಗಿ ಗಂಡನು ಸಹಿ ಮಾಡಿದರೆ ಸಾಲದು. ಅತ್ತೆಯಾಗಲಿ ಊರಿನ ಹಿರಿಯರಾಗಲಿ ಒಪ್ಪಿದರೆ ಸಾಲದು. ಹಾಗೆಯೇ ಗಂಡನ ಪರವಾಗಿ ಹೆಂಡತಿಯೂ ಒಪ್ಪುವಂತಿಲ್ಲ. ಆದರೆ ಮನೆಯವರೊಂದಿಗೆ ಸಮಾಲೋಚಿಸಲು ಸಾಕಷ್ಟು ಸಮಯವನ್ನು ಕೇಳುವ ಹಕ್ಕು ಇಬ್ಬರಿಗೂ ಇದೆ. ಗಂಡನಾದವನು "ನಿನಗೆ ಏನನ್ನಿಸುತ್ತದೆ?" ಎಂದು ಕೇಳಿ, ಉತ್ತರವನ್ನು ತಾಳ್ಮೆಯಿಂದ ಆಲಿಸುವುದು ದಾಂಪತ್ಯಕ್ಕೆ ಭೂಷಣ. ಹೆಂಡತಿ ಬೇಡವೆಂದರೆ ಅದು ಹಟವಲ್ಲ, ಅವಳ ತೀರ್ಮಾನ. ಮಕ್ಕಳ ವಿಷಯದಲ್ಲಿ ತಂದೆತಾಯಿಗಳ ಸಮ್ಮತಿ ಬೇಕು. ಏಳು ವರ್ಷ ದಾಟಿದ, ತಿಳಿವಳಿಕೆಯುಳ್ಳ ಮಗುವಿಗೂ ವಿವರಿಸಿ ಅದರ ಒಪ್ಪಿಗೆಯನ್ನು ಕೇಳಬೇಕು.

ಕಾನೂನಿನ ರಕ್ಷಣೆ

ನಮ್ಮ ದೇಶದಲ್ಲಿ ಹೊಸ ಔಷಧಿಗಳು ಮತ್ತು ಚಿಕಿತ್ಸಾ ಪರೀಕ್ಷಣೆಗಳ ನಿಯಮಗಳು 2019ರಲ್ಲಿ ಜಾರಿಗೆ ಬಂದವು. ಅವುಗಳ ಹಾಗೂ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿಗಳ ಪ್ರಕಾರ ಪಾಲ್ಗೊಳ್ಳುವವರಿಗೆ ದೊರೆಯುವ ರಕ್ಷಣೆಗಳು ಇವು:

1. ಯಾವ ಪರೀಕ್ಷಣೆಯೂ ನೀತಿ ಸಮಿತಿಯ ಒಪ್ಪಿಗೆಯಿಲ್ಲದೆ ಆರಂಭವಾಗಕೂಡದು. ಈ ಸಮಿತಿಯಲ್ಲಿ ಕನಿಷ್ಠ ಏಳು ಮಂದಿ ಸದಸ್ಯರಿರಬೇಕು. ವೈದ್ಯರಲ್ಲದೆ ಕಾನೂನು ಬಲ್ಲವರು, ಸಾಮಾನ್ಯ ನಾಗರಿಕರು ಮತ್ತು ಮಹಿಳೆ ಅದರಲ್ಲಿರಬೇಕು.

2. ಮಾಹಿತಿ ಪತ್ರವು ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಓದು ಬಾರದವರಿಗೆ ಅದನ್ನು ಓದಿ ಹೇಳುವಾಗ ಪರೀಕ್ಷಣೆಗೆ ಸಂಬಂಧಿಸದ ಒಬ್ಬ ಸಾಕ್ಷಿ ಉಪಸ್ಥಿತರಿರಬೇಕು. ಸಹಿ ಮಾಡಿದ ಅಥವಾ ಹೆಬ್ಬೆಟ್ಟು ಒತ್ತಿದ ಸಮ್ಮತಿ ಪತ್ರದ ಪ್ರತಿಯನ್ನು ನಿಮಗೆ ಕೊಡಬೇಕು.

3. ಯಾವಾಗ ಬೇಕಾದರೂ, ಕಾರಣ ಹೇಳದೆಯೂ, ನೀವು ಹೊರಗೆ ಬರಬಹುದು. ಇದರಿಂದ ನಿಮಗೆ ದೊರೆಯಬೇಕಾದ ಸಾಮಾನ್ಯ ಚಿಕಿತ್ಸೆಗೆ ಚ್ಯುತಿ ಬರಕೂಡದು.

4. ಪರೀಕ್ಷಣೆಯಲ್ಲಿ ತೊಂದರೆಯಾದರೆ ಉಚಿತ ಚಿಕಿತ್ಸೆ ದೊರೆಯಬೇಕು. ತೊಂದರೆ ಪರೀಕ್ಷಣೆಯಿಂದಲೇ ಆಯಿತೆಂದು ತೀರ್ಮಾನವಾದರೆ ಪರಿಹಾರಧನವೂ ಸಲ್ಲಬೇಕು. ಪ್ರಾಣಹಾನಿಯಾದರೆ ಪರಿಹಾರವು ನೀವು ಹೆಸರಿಸಿದ ವಾರಸುದಾರರಿಗೆ ಸೇರುತ್ತದೆ.

5. ನಿಮ್ಮ ಹೆಸರು ಮತ್ತು ರೋಗದ ಸಂಗತಿ ಗುಪ್ತವಾಗಿರಬೇಕು.

6. ಪರೀಕ್ಷಣೆಯು ಕೇಂದ್ರದ ನೋಂದಣಿ ಪುಸ್ತಕದಲ್ಲಿ ದಾಖಲಾಗಿರಬೇಕು. 2007ರಲ್ಲಿ ಆರಂಭವಾದ ಈ ನೋಂದಣಿಯನ್ನು 2009ರಿಂದ ಕಡ್ಡಾಯ ಮಾಡಲಾಗಿದೆ. ಪ್ರತಿಯೊಂದು ಪರೀಕ್ಷಣೆಗೂ ಒಂದು ಸಂಖ್ಯೆಯಿರುತ್ತದೆ. ಅದನ್ನು ಕೇಳಿ ಬರೆದುಕೊಳ್ಳಿರಿ.

ಸಹಿ ಮಾಡುವ ಮೊದಲು ಕೇಳಬೇಕಾದ ಪ್ರಶ್ನೆಗಳು

ವೈದ್ಯರನ್ನು ಪ್ರಶ್ನಿಸುವುದು ಅಗೌರವವೆಂದು ಭಾವಿಸಬೇಡಿರಿ. "ಡಾಕ್ಟರ್ ಸಾಹೇಬರೇ, ಸ್ವಲ್ಪ ಬಿಡಿಸಿ ಹೇಳಿರಿ" ಎಂದು ವಿನಯದಿಂದಲೇ ಕೇಳಬಹುದು.

ಈ ಔಷಧಿ ಹೊಸದೋ, ಮೊದಲಿನಿಂದ ಬಳಕೆಯಲ್ಲಿದ್ದುದೋ? ನನಗೆ ಹುಸಿ ಮಾತ್ರೆ ಬರುವ ಸಂಭವವುಂಟೇ? ಸೇರದಿದ್ದರೆ ನನಗೆ ಯಾವ ಚಿಕಿತ್ಸೆ ಸಿಗುತ್ತದೆ? ಎಷ್ಟು ಸಲ ಬರಬೇಕು, ಎಷ್ಟು ಸಲ ರಕ್ತ ಕೊಡಬೇಕು? ಬಸ್ ಖರ್ಚನ್ನು ಯಾರು ಕೊಡುವರು? ನಾನು ಬಸಿರಾದರೆ ಅಥವಾ ಮಗುವಿಗೆ ಮೊಲೆಯೂಡಿಸುತ್ತಿದ್ದರೆ ಏನು ಮಾಡಬೇಕು? ರಾತ್ರಿ ವೇಳೆ ತೊಂದರೆಯಾದರೆ ಯಾರಿಗೆ ಫೋನು ಮಾಡಬೇಕು? ಪರೀಕ್ಷಣೆ ಮುಗಿದ ಮೇಲೆ ಔಷಧಿ ಸಿಗುವುದೇ?

ಇವುಗಳಿಗೆ ಉತ್ತರ ಕೊಡಲು ಅವಸರಪಡುವವರು, ಖಾಲಿ ಕಾಗದದ ಮೇಲೆ ಸಹಿ ಕೇಳುವವರು, ಪರೀಕ್ಷಣೆಯ ಔಷಧಿಗೆ ಹಣ ಕೇಳುವವರು, ಇಲ್ಲವೆ "ಸೇರದಿದ್ದರೆ ಚಿಕಿತ್ಸೆಯಿಲ್ಲ" ಎನ್ನುವವರು ಎದುರಾದರೆ ಒಪ್ಪಬೇಡಿರಿ. ಮಾಹಿತಿ ಪತ್ರದಲ್ಲಿ ನೀತಿ ಸಮಿತಿಯವರ ದೂರವಾಣಿ ಸಂಖ್ಯೆ ಇರುತ್ತದೆ, ಅಲ್ಲಿಗೆ ತಿಳಿಸಿರಿ. ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ದೂರು ಕೊಡಬಹುದು.

ನೆನಪಿಡಬೇಕಾದ ಅಂಶಗಳು

ಪರೀಕ್ಷಣೆಯಲ್ಲಿ ಸೇರಿದವರಿಗೆಲ್ಲ ಲಾಭವಾಗುತ್ತದೆಂಬ ಭರವಸೆಯಿಲ್ಲ. ಲಾಭವೋ ನಷ್ಟವೋ ಮೊದಲೇ ಗೊತ್ತಿದ್ದರೆ ಪರೀಕ್ಷಣೆಯ ಅಗತ್ಯವೇ ಇರುತ್ತಿರಲಿಲ್ಲ. ಸೇರಿದವರು ಹೇಳಿದ ದಿನ ಬಂದು, ಹೇಳಿದಂತೆ ಮಾತ್ರೆ ನುಂಗಿ, ಆದ ತೊಂದರೆಯನ್ನು ಮುಚ್ಚಿಡದೆ ಹೇಳಬೇಕು. ನುಂಗದ ಮಾತ್ರೆಯನ್ನು ನುಂಗಿದೆನೆಂದರೆ ಲೆಕ್ಕ ತಪ್ಪುತ್ತದೆ. ತಪ್ಪು ಲೆಕ್ಕದಿಂದ ನಾಳೆ ಇನ್ನೊಬ್ಬರ ಮಗುವಿಗೆ ಕೇಡಾಗಬಹುದು. ಸೇರದವರ ಮೇಲೆ ಯಾವ ಆಕ್ಷೇಪವೂ ಇಲ್ಲ.

ಇಂದು ನಾವು ನೆಚ್ಚಿ ನುಂಗುವ ಹಲವು ಮಾತ್ರೆಗಳ ಹಿಂದೆ, ಹೆಸರು ತಿಳಿಯದ ಯಾರೋ ತಾಯಿ, ಯಾರೋ ತಂದೆ ತಿಳಿದು ಕೊಟ್ಟ ಒಂದು ಒಪ್ಪಿಗೆ ಇದೆ. ನಿಮ್ಮ ಸರದಿ ಬಂದಾಗ ಹೌದು ಎನ್ನಿರಿ ಇಲ್ಲವೆ ಬೇಡ ಎನ್ನಿರಿ. ಆದರೆ ಇಬ್ಬರೂ ಕುಳಿತು, ತಿಳಿದು, ಮಾತಾಡಿಕೊಂಡು ಹೇಳಿರಿ.

ಅಭ್ಯಾಸ

1. ಎರಡು ಗುಂಪುಗಳನ್ನು ಚೀಟಿ ಎತ್ತಿದ ಹಾಗೆ ಮಾಡುವುದೇಕೆ?
2. ಬೆಳಗಾವಿ ಜಿಲ್ಲೆಯ ಪರೀಕ್ಷಣೆಯಿಂದ ಬಾಣಂತಿಯರಿಗೆ ಆದ ಪ್ರಯೋಜನವೇನು?
3. ಸ್ಟಿರಾಯ್ಡ್ ಚುಚ್ಚುಮದ್ದಿನ ಎರಡು ಪರೀಕ್ಷಣೆಗಳ ಫಲ ಬೇರೆ ಬೇರೆಯಾದುದು ಏಕೆ? ಮನೆಯಲ್ಲಿ ಚರ್ಚಿಸಿರಿ.
4. ಹೆಂಡತಿಯ ಬದಲು ಗಂಡನು ಸಮ್ಮತಿ ಕೊಡಬಹುದೇ?